ಪ್ರಶ್ನೆ ಮೊದಲು, ವಿಡಿಯೋ ಆಮೇಲೆ: ಎನ್‌ಪಿಟೆಲ್ ಕೋರ್ಸ್ ಮುಗಿಸಿದ ನನ್ನ ಅನುಭವ

ಎನ್‌ಪಿಟೆಲ್ ಅಂದರೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳು. ವಿಡಿಯೋ ಪೂರ್ತಿ ನೋಡದೆ ಅಂಥದ್ದೊಂದು ಐಐಟಿ ಕೋರ್ಸ್ ಪಾಸಾಗುತ್ತೇನೆ ಅಂದಾಗ ನಮ್ಮ ಭಾವ ನಕ್ಕಿದ್ದ. "ಒಲೆ ಹಚ್ಚದೇ ಊಟಕ್ಕೆ ಕೂತಂಗಾಯ್ತಲ್ಲೋ ಮಾರಾಯಾ" ಅಂದ. ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡುವ ಗೆಳೆಯನೂ ತಲೆ ಆಡಿಸಿದ. ಹೀಗೆ ಮಾಡಿದರೆ ಬುಡ ಗಟ್ಟಿ ಆಗಲ್ಲ, ಪರೀಕ್ಷೆಯಲ್ಲಿ ಕೈ ಕೊಡುತ್ತೆ ಅಂತ ಅವನ ವಾದ. ಈಗ ಸರ್ಟಿಫಿಕೇಟಿನಲ್ಲಿ ಎಲೀಟ್ ಪ್ಲಸ್ ಸಿಲ್ವರ್ ದರ್ಜೆ ಬಂದಿದೆ, ನೂರಕ್ಕೆ 78ರ ಆಸುಪಾಸು. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಸಿವಿಲ್ ಡಿಪ್ಲೊಮಾ. ಶಿರಸಿ ಸುತ್ತಮುತ್ತ ಸಣ್ಣ ಕಾಂಟ್ರ್ಯಾಕ್ಟ್ ಕೆಲಸ: ಕೃಷಿಹೊಂಡ, ಇಂಗುಗುಂಡಿ, ತೋಟದ ಕಾಲುವೆ, ಕಲ್ಲು ಪಿಚಿಂಗ್ (ದಂಡೆಗೆ ಕಲ್ಲು ಜೋಡಿಸೋದು). ತಗೊಂಡಿದ್ದು ಖರಗಪುರ ಐಐಟಿಯ ಮಣ್ಣು ಮತ್ತು ನೀರು ಸಂರಕ್ಷಣೆಯ 12 ವಾರದ ಕೋರ್ಸ್. ಹೆಸರು ನೋಂದಾಯಿಸೋದು, ಪೋರ್ಟಲ್ ತೆರೆಯೋದು ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ. ಕೆಲಸ ಮಾಡಿಕೊಂಡು ಓದುವವರಿಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದಷ್ಟೇ ಹೇಳುತ್ತೇನೆ.

ಮೊದಮೊದಲು ಎಲ್ಲರೂ ಮಾಡೋ ಹಾಗೆ ಮಾಡಿದೆ. ಸೈಟ್‌ನಿಂದ ಬಂದು, ಊಟ ಮುಗಿಸಿ, ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್. ವಾರಕ್ಕೆ ಅರ್ಧರ್ಧ ಗಂಟೆಯ ಐದು ಪಾಠ. ಒಂದೂವರೆ ಪಟ್ಟು ಸ್ಪೀಡ್ ಇಟ್ಟರೆ ಬೇಗ ಮುಗಿಯುತ್ತೆ ಅನ್ನೋ ಲೆಕ್ಕಾಚಾರ. ಮುಗಿಯೋದೇನೋ ಮುಗಿಯಿತು, ತಲೆಗೆ ಹತ್ತಲಿಲ್ಲ. ಎರಡನೇ ಪಾಠದ ಮಧ್ಯೆ ನಿದ್ದೆ. ಐದನೇ ವಾರಕ್ಕೆ ಮೂರು ವಾರ ಹಿಂದೆ ಬಿದ್ದಿದ್ದೆ. ಅದು ಜುಲೈ ಸರದಿ ಬೇರೆ. ನಮ್ಮ ಕಡೆ ಜುಲೈ ಅಂದ್ರೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಟವರಿನ ಬ್ಯಾಟರಿ ಖಾಲಿಯಾದ ಮೇಲೆ ನೆಟ್‌ವರ್ಕೂ ಹೋಗುತ್ತೆ. ಪರೀಕ್ಷೆಗೆ ಕಟ್ಟಿದ 1000 ರೂಪಾಯಿ ನೀರಿಗೆ ಹೋಯಿತು.

ಇನ್ನೊಂದು ಸಲ ವಾಟ್ಸಾಪ್ ಗುಂಪು ಸೇರಿದೆ. ವಾರದ ಅಸೈನ್‌ಮೆಂಟಿಗೆ ಬುಧವಾರ ರಾತ್ರಿ ಗಡುವು. ಅವತ್ತು ಸಂಜೆ ಆದರೆ ಸಾಕು, ಯಾರೋ ಉತ್ತರ ಹಾಕುತ್ತಿದ್ದರು. ಎಲ್ಲರೂ ಅದನ್ನೇ ಒತ್ತುತ್ತಿದ್ದರು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 21-22 ಬರುತ್ತಿತ್ತು. ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬೇಕಲ್ವಾ? ಅದಕ್ಕೆ ಎರಡು ಮೂರು ಅಂಕ ಕಡಿಮೆ. ಅಸೈನ್‌ಮೆಂಟ್ ಎಷ್ಟೇ ಚೆನ್ನಾಗಿದ್ದರೂ ಆ 30 ದಾಟದಿದ್ದರೆ ಸರ್ಟಿಫಿಕೇಟ್ ಇಲ್ಲ. ಮರುಪರೀಕ್ಷೆಯೂ ಇಲ್ಲ. ಮುಂದೆ ಆ ಕೋರ್ಸ್ ಯಾವಾಗ ಬರುತ್ತೋ ಆಗ ಮತ್ತೆ ಮೊದಲಿನಿಂದ, ಮತ್ತೆ 1000. ಆ ಗುಂಪಿನಲ್ಲಿ ನನ್ನ ಹಾಗೇ ಕೆಳಗೆ ಕೂತವರು ಸುಮಾರು ಜನ ಇದ್ದರು. ಉತ್ತರ ಹಾಕುತ್ತಿದ್ದವನು ಪರೀಕ್ಷೆಗೇ ಬಂದಿರಲಿಲ್ಲವಂತೆ.

ಆಮೇಲೆ ಕೂತು ಲೆಕ್ಕ ಹಾಕಿದೆ. 12 ವಾರದಲ್ಲಿ ಒಳ್ಳೆಯ 8 ಅಸೈನ್‌ಮೆಂಟ್ ಮಾತ್ರ ಎಣಿಸುತ್ತಾರೆ. ಅಂದರೆ ನಾಲ್ಕು ವಾರ ಮಳೆಗೆ ಬಿಟ್ಟುಕೊಡಬಹುದು. ಆ ನಾಲ್ಕು ಯಾವುವು ಅಂತ ಮಳೆಯೇ ಹೇಳಲಿ, ನಾನು ಮಾತ್ರ ಬುಧವಾರ ರಾತ್ರಿ 11:59ಕ್ಕೆ ಕಾಯಬಾರದು. ಇಷ್ಟು ಗಟ್ಟಿ ಮಾಡಿಕೊಂಡು ಪಾಠದ ಕ್ರಮವನ್ನೇ ಉಲ್ಟಾ ಮಾಡಿದೆ.

ಪಾಠ, ಪ್ರಶ್ನೆ ತೆರೆದ ಕೂಡಲೇ ಪೇಟೆಗೆ ಹೋದಾಗ ಅಸೈನ್‌ಮೆಂಟ್ ಪ್ರಿಂಟ್ ತೆಗೆಸುತ್ತಿದ್ದೆ. ಎರಡು ಹಾಳೆ, ಐದಾರು ರೂಪಾಯಿ. ವಿಡಿಯೋ ಮುಟ್ಟೋ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಚಹಾ ಕುಡಿದು, ಪೆನ್ಸಿಲ್ ಹಿಡಿದು ಹತ್ತೂ ಪ್ರಶ್ನೆ ನೋಡೋದು. ಬಂದಿದ್ದಕ್ಕೆ ಗೀಟು, ಅಂದಾಜಿಗೆ ಸೊನ್ನೆ, ತಿಳಿಯದ್ದಕ್ಕೆ ಏನೂ ಇಲ್ಲ. ಅರ್ಧ ಗಂಟೆಯ ಕೆಲಸ. ಹತ್ತರಲ್ಲಿ ಮೂರೋ ನಾಲ್ಕೋ ಗೀಟು ಬೀಳುತ್ತಿತ್ತು. ಆಮೇಲೆ ಪಾಠದ ಪಠ್ಯದ ಪಿಡಿಎಫ್ ತೆಗೆದು, ಸೊನ್ನೆ ಬಿದ್ದ ಪ್ರಶ್ನೆಯಲ್ಲಿರುವ ಪದವನ್ನು ಹುಡುಕೋದು. ಆ ಎರಡು ಮೂರು ಪುಟ ಓದೋದು. ಅಲ್ಲೂ ತಿಳಿಯದಿದ್ದರೆ ಮಾತ್ರ ವಿಡಿಯೋ, ಅದೂ ಆ ಏಳೆಂಟು ನಿಮಿಷ, ಮಾಮೂಲಿ ಸ್ಪೀಡಲ್ಲಿ. ವಾರಕ್ಕೆ ಎರಡೂವರೆ ಗಂಟೆಯ ವಿಡಿಯೋದಲ್ಲಿ ನಾನು ನೋಡಿದ್ದು ಮುಕ್ಕಾಲು ಗಂಟೆ ಇರಬಹುದು. ಕೆಲವು ಕೋರ್ಸ್‌ಗಳಿಗೆ ಕನ್ನಡದಲ್ಲೂ ಪಠ್ಯ ಇದೆ. ನನ್ನದಕ್ಕೆ ಆಗ ಸಿಗಲಿಲ್ಲ, ಇಂಗ್ಲಿಷಲ್ಲೇ ಓದಿದೆ. ಓದೋದು ಕೇಳೋದಕ್ಕಿಂತ ಸುಲಭ, ಬೇಕಾದಲ್ಲಿ ನಿಲ್ಲಬಹುದು.

ಸೋಮವಾರ ಒಮ್ಮೆ ಸಬ್ಮಿಟ್ ಮಾಡಿಬಿಡುತ್ತಿದ್ದೆ. ಗಡುವಿನ ಒಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಕಳಿಸಬಹುದು, ಕೊನೆಯದ್ದು ಲೆಕ್ಕಕ್ಕೆ. ಇದು ತುಂಬ ಜನರಿಗೆ ಗೊತ್ತಿದ್ದರೂ ಬಳಸಲ್ಲ. ಮಂಗಳವಾರ ಕರೆಂಟ್ ಇದ್ದರೆ ತಿದ್ದುವುದು, ಇಲ್ಲದಿದ್ದರೆ ಹೋದದ್ದು ಹೋಯಿತು.

ಇಷ್ಟೇ ಆಗಿದ್ದರೆ ಗೆಳೆಯ ಹೇಳಿದಂತೆ ಬುಡ ಗಟ್ಟಿ ಆಗುತ್ತಿರಲಿಲ್ಲವೇನೋ. ಮುಖ್ಯ ಕೆಲಸ ಮುಂದಿನದು. ಪ್ರತಿ ವಾರ ಎರಡು ಪ್ರಶ್ನೆ ಆರಿಸಿ, ಅದರ ಅಂಕಿ ತೆಗೆದು ನನ್ನ ಸೈಟಿನ ಅಂಕಿ ಹಾಕಿ ಬಿಡಿಸುತ್ತಿದ್ದೆ. ಒಂದು ಉದಾಹರಣೆ ಕೊಡುತ್ತೇನೆ. ರ‍್ಯಾಷನಲ್ ಮೆಥಡ್ ಅಂತ ಇದೆ, ಮಳೆ ನೀರು ಎಷ್ಟು ಹರಿದು ಬರುತ್ತೆ ಅನ್ನೋ ಲೆಕ್ಕ: ಸಿ (ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು), ಐ (ಗಂಟೆಗೆ ಎಷ್ಟು ಮಿಮೀ ಮಳೆ), ಎ (ಎಷ್ಟು ಹೆಕ್ಟೇರ್ ಜಾಗ) ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಅಂತ ಬರುತ್ತೆ. ಹಾಳೆಯಲ್ಲಿದ್ದ 10 ಹೆಕ್ಟೇರ್ ಬಿಟ್ಟು, ನಾನು ಆಗಷ್ಟೇ ಹೊಂಡ ಮಾಡಿಕೊಟ್ಟಿದ್ದ ಜಾಗ ತಗೊಂಡೆ. ಮೇಲೆ ಸುಮಾರು 2 ಹೆಕ್ಟೇರ್ ಬೆಟ್ಟ. ಸಿ 0.4 ಅಂತ ಇಟ್ಟುಕೊಂಡೆ, ಮಳೆ ಗಂಟೆಗೆ 80 ಮಿಮೀ. ಬಂದದ್ದು 0.18, ಅಂದರೆ ಸೆಕೆಂಡಿಗೆ 180 ಲೀಟರ್.

ಹೊಂಡಕ್ಕೆ ಇಟ್ಟಿದ್ದ ಕೋಡಿ ಎರಡಡಿ ಅಗಲ. ನಮ್ಮ ಕಡೆ ಮೇಸ್ತ್ರಿಗಳು ಇಡೋದೇ ಅಷ್ಟು, ಯಾಕೆ ಅಂತ ಯಾರೂ ಕೇಳಲ್ಲ. ಅಷ್ಟು ನೀರು ಎರಡಡಿಯಲ್ಲಿ ದಾಟಬೇಕಾದರೆ ಕೋಡಿಯ ಮೇಲೆ ಒಂದಡಿ ಏರಬೇಕು. ಏರಿಗೂ ಕೋಡಿಗೂ ನಡುವೆ ಇದ್ದದ್ದು ಮುಕ್ಕಾಲು ಅಡಿ. ಅಲ್ಲಿಗೆ ಏರಿಯ ಮೇಲೆಯೇ ನೀರು. ಅರ್ಧ ಅಡಿ ಎತ್ತರದಲ್ಲೇ ಹರಿದು ಹೋಗಬೇಕು ಅಂದರೆ ಅಗಲ ಆರಡಿ ಬೇಕು. ಮಾರನೇ ದಿನ ಮೇಸ್ತ್ರಿಗೆ ಹೇಳಿದರೆ "ಏನ್ ಸರ್, ಹೊಂಡದ ಕೋಡಿನೋ ಕೆರೆ ಕೋಡಿನೋ?" ಅಂದ. ಅಗಲ ಮಾಡಿಸಿದೆ. ಖರ್ಚು ನನ್ನ ಕೈಯಿಂದಲೇ ಹೋಯಿತು, ನಾಲ್ಕೂವರೆ ಸಾವಿರ. ಆ ವರ್ಷದ ಮಳೆಗೆ ಅಕ್ಕಪಕ್ಕದಲ್ಲಿ ಎರಡು ಹೊಂಡದ ಏರಿ ಕೊಚ್ಚಿಹೋಯಿತು, ನಮ್ಮದು ನಿಂತಿತು. ಈ ಲೆಕ್ಕ ನನಗೆ ಪರೀಕ್ಷೆಯಲ್ಲಿ ಮರೆಯಲು ಸಾಧ್ಯವೇ ಇರಲಿಲ್ಲ.

ಯಾವ ಎರಡು ಪ್ರಶ್ನೆ ಆರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಗುರುತು ಇದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಅಷ್ಟು ಸಾಕು.

ನಡುವೆ ಒಂದು ಹುಚ್ಚಾಟವೂ ಆಯಿತು. ಗಂಟೆಗೆ 80 ಮಿಮೀ ಅಂತ ಬರೆದುಬಿಟ್ಟೆನಲ್ಲ, ನಮ್ಮನೆ ಹಿಂದೆ ನಿಜವಾಗಿ ಎಷ್ಟು ಬೀಳುತ್ತೆ? ನಮ್ಮ ಕಡೆ ವರ್ಷಕ್ಕೆ 2500 ಮಿಮೀ ಆಸುಪಾಸು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕೋಡಿಗೆ ಬೇಕಾದದ್ದು ವರ್ಷದ ಲೆಕ್ಕ ಅಲ್ಲ, ಜೋರು ಬಂದ ಆ ಹತ್ತು-ಹದಿನೈದು ನಿಮಿಷದ್ದು. ಎರಡು ಲೀಟರಿನ ಬಾಟಲಿ ಕತ್ತರಿಸಿ, ಕುತ್ತಿಗೆಯನ್ನು ಉಲ್ಟಾ ಕೂರಿಸಿ, ತಳದ ಉಬ್ಬು ಮುಚ್ಚೋಕೆ ಸ್ವಲ್ಪ ಸಿಮೆಂಟ್ ಹಾಕಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿದೆ. ಮಳೆ ಜೋರಾದಾಗಲೆಲ್ಲ ಕೊಡೆ ಹಿಡಿದು ಹದಿನೈದು ನಿಮಿಷಕ್ಕೊಮ್ಮೆ ನೋಡೋದು. ಮನೆಯವಳು ಮೊದಲು ಬೈದಳು, ಆಮೇಲೆ ನಾನು ಸೈಟಲ್ಲಿದ್ದಾಗ ಅವಳೇ ಬರೆದಿಡುತ್ತಿದ್ದಳು. ಒಂದು ಸಲ ಹದಿನೈದು ನಿಮಿಷಕ್ಕೆ 18 ಮಿಮೀ ಬಂತು. ಗಂಟೆಗೆ 72ರ ಲೆಕ್ಕ. ಹಾಗಾಗಿ 80 ಹಿಡಿದದ್ದು ತೀರಾ ಜಾಸ್ತಿಯೇನಲ್ಲ.

ಎಐ ಕೂಡ ಕೇಳಿ ನೋಡಿದೆ. ಐದು ಎಕರೆ ಅಂತ ಕೊಟ್ಟೆ. ಅದು ಎಕರೆಯನ್ನು ಹೆಕ್ಟೇರ್ ಮಾಡದೆ ಹಾಗೇ ಸೂತ್ರಕ್ಕೆ ಹಾಕಿ, ನೀರನ್ನು ಎರಡೂವರೆ ಪಟ್ಟು ಮಾಡಿ ಕೊಟ್ಟಿತು. ನೋಡೋಕೆ ಉತ್ತರ ಬಹಳ ಚೆಂದ ಇತ್ತು. ಅರ್ಥವಾಗದ ಸಾಲನ್ನು ಬಿಡಿಸಿ ಹೇಳು ಅಂದರೆ ಚೆನ್ನಾಗಿ ಹೇಳುತ್ತೆ, ಲೆಕ್ಕ ಮಾತ್ರ ಕೈಯಲ್ಲೇ ಮಾಡಿ. ಬಸ್ಸಲ್ಲಿ ಬರೀ ಆಡಿಯೋ ಕೇಳೋದನ್ನೂ ಮಾಡಿದೆ, ಸೂತ್ರ ಬರುವ ವಿಷಯಕ್ಕೆ ಅದು ದಂಡ. ಬದಲಿಗೆ ಪಿಎಂಆರ್‌ಎಫ್ (ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್) ಪಡೆದ ಸಂಶೋಧನಾ ವಿದ್ಯಾರ್ಥಿಗಳು ನಡೆಸುವ ಲೈವ್ ಕ್ಲಾಸ್ ಇದ್ದರೆ ಬಿಡಬೇಡಿ. ಅಲ್ಲಿ ಸುಮ್ನೆ ಭಾಷಣ ಇಲ್ಲ, ಲೆಕ್ಕ ಬಿಡಿಸುತ್ತಾರೆ. ನೇರ ಕೂರಲು ಆಗದಿದ್ದರೆ ರೆಕಾರ್ಡಿಂಗ್ ನೋಡಿ.

ಪರೀಕ್ಷೆಗೆ ನನ್ನ ಸೆಂಟರ್ ಹುಬ್ಬಳ್ಳಿ. ಕೋರ್ಸ್ ಆನ್‌ಲೈನ್ ಆದರೂ ಪರೀಕ್ಷೆ ಸೆಂಟರಿಗೆ ಹೋಗಿಯೇ ಬರೆಯಬೇಕು, ಕಂಪ್ಯೂಟರ್ ಮುಂದೆ, ಮೂರು ಗಂಟೆ. ಬೆಳಿಗ್ಗೆ 9ರದ್ದೋ ಮಧ್ಯಾಹ್ನ 2ರದ್ದೋ ಅಂತ ಇರುತ್ತೆ. ದೂರದವರು ಮಧ್ಯಾಹ್ನದ್ದು ಸಿಕ್ಕರೆ ಲಾಭ, ಲಾಡ್ಜ್ ಖರ್ಚು ಉಳಿಯುತ್ತೆ. ನನ್ನದು ಬೆಳಗಿನದು. ಹಿಂದಿನ ದಿನವೇ ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ 700 ಕೊಟ್ಟು ರೂಮ್ ಮಾಡಿದೆ. ಸೆಂಟರ್ ಇದ್ದ ಕಾಲೇಜು ಊರ ಹೊರಗೆ. ಆಟೋದವನು 250 ಕೇಳಿದ. ಅಲ್ಲಿ ಹೋದರೆ ನನಗೆ ಕೊಟ್ಟ ಕಂಪ್ಯೂಟರಿನ ಮೌಸ್ ಕೆಟ್ಟಿತ್ತು, ಬದಲಿಸುವಷ್ಟರಲ್ಲಿ ಹತ್ತು ನಿಮಿಷ. ಸಮಯ ಕೂಡಿಸಿ ಕೊಡಿ ಅಂತ ಆಗಲೇ ಕೇಳಿದೆ, ಕೊಟ್ಟರು. ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ.

ಅಲ್ಲಿ ನಿಮ್ಮ ಕ್ಯಾಲ್ಕ್ಯುಲೇಟರ್ ಒಳಗೆ ಬಿಡಲ್ಲ, ಪರದೆಯ ಮೇಲಿನದ್ದನ್ನೇ ಮೌಸಿನಿಂದ ಒತ್ತಬೇಕು. ಇದನ್ನು ಹಗುರವಾಗಿ ತಗೋಬೇಡಿ. ದೂರದ ತುದಿಯಿಂದ ನೀರು ಹರಿದು ಬರಲು ಎಷ್ಟು ನಿಮಿಷ ಬೇಕು ಅಂತ ಹೇಳುವ ಕಿರ್ಪಿಚ್ ಸೂತ್ರದಲ್ಲಿ ಉದ್ದದ ಘಾತ 0.77, ಇಳಿಜಾರಿನದ್ದು ಮೈನಸ್ 0.385. 400 ಮೀಟರ್ ಉದ್ದ, ನೂರಕ್ಕೆ ನಾಲ್ಕರ ಇಳಿಜಾರು ಕೊಟ್ಟರೆ ಉತ್ತರ 6.8 ನಿಮಿಷ ಬರಬೇಕು. ಮೈನಸ್ ಗುಂಡಿ ತಪ್ಪಾಗಿ ಒತ್ತಿದರೆ ಅರ್ಧ ನಿಮಿಷ ಅಂತ ತೋರಿಸುತ್ತೆ, ಅದೂ ಕೊಟ್ಟ ಆಯ್ಕೆಗಳಲ್ಲಿ ಒಂದಾಗಿರುತ್ತೆ! ಅಂತಹದೇ ಕ್ಯಾಲ್ಕ್ಯುಲೇಟರ್ ಇಂಟರ್‌ನೆಟ್‌ನಲ್ಲಿ ಸಿಗುತ್ತೆ. ಕೊನೆಯ ಎರಡು ವಾರ ನಾನು ಮನೆಯಲ್ಲಿ ಅದನ್ನು ಬಿಟ್ಟು ಬೇರೆ ಮುಟ್ಟಲಿಲ್ಲ. ಓದಿದ್ದೂ ಅಷ್ಟೇ: 12 ವಾರದ ಹಾಳೆಗಳನ್ನು ಮತ್ತೆ ಖಾಲಿಯಿಂದ ಬಿಡಿಸಿದ್ದು. ಹೊಸದಾಗಿ ಏನೂ ಓದಲಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಕೋರ್ಸ್ ಉಚಿತ, ಫೀ ಪರೀಕ್ಷೆಗೆ ಮಾತ್ರ. ನಾನು ಕಟ್ಟುವಾಗ 1000 ಇತ್ತು, ಈಗಿನದನ್ನು ನೋಡಿಕೊಳ್ಳಿ. ಆದರೆ ಅಷ್ಟರಲ್ಲೇ ಮುಗಿಯುತ್ತೆ ಅಂದುಕೊಳ್ಳಬೇಡಿ. ಪ್ರಿಂಟಿಗೆ ಒಟ್ಟು ನೂರೈವತ್ತೋ ಇನ್ನೂರೋ. ಎರಡನೇ ಸಿಮ್ ಹಾಕಿಸಿದ್ದು, ಒಂದು ಹೋದರೆ ಇನ್ನೊಂದು ಇರಲಿ ಅಂತ, ಮೂರು ತಿಂಗಳಿಗೆ ಸಾವಿರ ಆಯಿತು. ಹುಬ್ಬಳ್ಳಿ ಓಡಾಟ, ರೂಮ್, ಊಟ, ಆಟೋ ಸೇರಿ ಸಾವಿರದ ಎಂಟುನೂರರ ಹತ್ತಿರ. ಎರಡು ದಿನ ಸೈಟ್ ನಿಂತದ್ದು ನನ್ನ ಮಟ್ಟಿಗೆ ದೊಡ್ಡ ಖರ್ಚು, ಮೂರು ಸಾವಿರ ಹಿಡಿಯಿರಿ. ಎಲ್ಲ ಸೇರಿ ಏಳು ಸಾವಿರ. ಹಿಂದೆ ನೀರಿಗೆ ಹೋದ ಫೀ, ಕೋಡಿ ಅಗಲ ಮಾಡಿಸಿದ್ದು ಇದರಲ್ಲಿ ಇಲ್ಲ. ಇನ್ವರ್ಟರ್ ತಗೋಬೇಕು ಅಂತ ಅಂಗಡಿಯವರೆಗೆ ಹೋಗಿದ್ದೆ. ಇಪ್ಪತ್ತು ಸಾವಿರದ ಮೇಲೆ ಹೇಳಿದರು, ವಾಪಸ್ ಬಂದೆ. ಹಾಳೆ ಪೆನ್ಸಿಲಿಗೆ ಕರೆಂಟ್ ಬೇಡ.

ಸರ್ಟಿಫಿಕೇಟ್ ಆನ್‌ಲೈನ್‌ನಲ್ಲೇ ಬರುತ್ತೆ, ಮೇಲೆ ಕ್ಯೂಆರ್ ಕೋಡ್ ಇರುತ್ತೆ. ಅದನ್ನು ನೋಡಿ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟದ್ದು ಎಸ್ಟಿಮೇಟ್ ನೋಡಿ. ಈಗ ನನ್ನ ಕೊಟೇಶನ್ ಜೊತೆ ಅರ್ಧ ಪುಟದ ನೀರಿನ ಲೆಕ್ಕ ಇರುತ್ತೆ, ಕೋಡಿ ಇಷ್ಟೇ ಅಗಲ ಯಾಕೆ ಅಂತ. ಸಿದ್ದಾಪುರ ಕಡೆಯ ತೋಟದವರೊಬ್ಬರು ಮೂರು ಕಡೆ ರೇಟ್ ಕೇಳಿ, ನನ್ನದು ಜಾಸ್ತಿ ಇದ್ದರೂ ನನಗೇ ಕೊಟ್ಟರು. ಏಳು ಸಾವಿರ ಅಲ್ಲೇ ವಾಪಸ್ ಬಂತು, ಮೇಲೂ ಉಳಿಯಿತು. ಭಾವನೂ ಈಗ ತನ್ನ ತೋಟದ ಕಾಲುವೆ ಅಳೆದುಕೊಡು ಅಂತ ಫೋನ್ ಮಾಡುತ್ತಾನೆ. ಅವನಿಗೆ ಮಾತ್ರ ಪೂರ್ತಿ ರೇಟ್ ಹಾಕಿದ್ದೇನೆ.

ಜನವರಿ ಸರದಿಗೆ ಅಂತರ್ಜಲದ ಒಂದು ಕೋರ್ಸ್ ನೋಡಿಟ್ಟಿದ್ದೇನೆ. ಆಗ ಮಳೆಯ ಕಾಟ ಇಲ್ಲ, ಆದರೆ ಅಡಿಕೆ ಸುಲಿಯೋ ಗಡಿಬಿಡಿ ಇರುತ್ತೆ, ಹೊಂಡ ತೋಡಿಸುವವರೂ ಆಗಲೇ ಬರುತ್ತಾರೆ. ಅದಕ್ಕೇ 12 ವಾರದ್ದು ಬಿಟ್ಟು 8 ವಾರದ್ದು ಹುಡುಕಿದೆ. ಅದರಲ್ಲಿ ಒಳ್ಳೆಯ 6 ಅಸೈನ್‌ಮೆಂಟ್ ಎಣಿಸುತ್ತಾರೆ, ಬಿಟ್ಟುಕೊಡಲು ಇರೋದು ಎರಡೇ ವಾರ. ಫೆಬ್ರವರಿಯಲ್ಲಿ ಮನೆಯಲ್ಲೊಂದು ಮದುವೆ ಇದೆ, ಒಂದು ವಾರ ಅಲ್ಲಿಗೆ ಹೋಯಿತು ಅಂತ ಈಗಲೇ ಬರೆದಿಟ್ಟುಕೊಂಡಿದ್ದೇನೆ.