ಪಕ್ಕದ ಮನೆ ದಾಸವಾಳ ಕೀಳಬಹುದಾ? ನೀತಿಶಾಸ್ತ್ರವನ್ನು ದಿನನಿತ್ಯಕ್ಕೆ ಬಳಸುವುದು ಹೇಗೆ

ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್ ಹೊರಟರೆ ನಮ್ಮ ಬೀದಿಯಲ್ಲಿ ದಿನಾ ಇದೇ ನಡೆಯುತ್ತದೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಯಾರದೋ ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳದ ಕೊಂಬೆ. ಅದನ್ನು ಎಳೆದು ಬಗ್ಗಿಸಿ ನಾಲ್ಕು ಹೂವು ಕವರಿಗೆ ಹಾಕಿಕೊಂಡು ಮುಂದಕ್ಕೆ. ದೇವರಿಗೆ ತಾನೇ ಅನ್ನುವ ಸಮಾಧಾನ ಬೇರೆ. ನಾನೂ ಎಷ್ಟೋ ವರ್ಷ ಹೀಗೆ ಕಿತ್ತಿದ್ದೇನೆ. ಇದು ಕಳ್ಳತನವಾ ಅಂತ ಒಂದು ದಿನ ಯೋಚಿಸಲು ಕೂತಾಗ, ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿ ಬಿಟ್ಟಿದ್ದ ನೀತಿಶಾಸ್ತ್ರ ಮೊದಲ ಸಲ ಉಪಯೋಗಕ್ಕೆ ಬಂತು. ಹೇಗೆ ಅಂತ ಹೇಳುತ್ತೇನೆ, ನೀವೂ ಮಾಡಿ ನೋಡಿ.

ಮೊದಲು, ಮಾಡಲು ಹೊರಟಿದ್ದನ್ನು ಒಂದು ಸಾದಾ ವಾಕ್ಯದಲ್ಲಿ ಬರೆಯಿರಿ. 'ನಾಲ್ಕು ಹೂವು ತಂದೆ' ಅಂತಲ್ಲ, 'ಇನ್ನೊಬ್ಬರು ನೀರು ಹಾಕಿ ಬೆಳೆಸಿದ ಗಿಡದ ಹೂವನ್ನು ಕೇಳದೆ ತಂದೆ' ಅಂತ. 'ಸ್ವಲ್ಪ ಅಡ್ಜಸ್ಟ್ ಮಾಡಿದೆ' ಅಂತಲ್ಲ, 'ಆರು ವರ್ಷದ ಮಗಳಿಗೆ ನಾಲ್ಕೇ ವರ್ಷ ಅಂತ ಟಿಸಿ ಹತ್ತಿರ ಹೇಳಿದೆ' ಅಂತ. ರೈಲಿನಲ್ಲಿ 5 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಅದಕ್ಕೇ ಆ ನಾಲ್ಕು. ಈ ಒಂದು ವಾಕ್ಯ ಬರೆಯೋದೇ ಕಷ್ಟ. ಬರೆದಿರಿ ಅಂದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಆಮೇಲೆ ಕಾಂಟ್ ಕೇಳಿದ ಪ್ರಶ್ನೆ. ಈ ಜರ್ಮನ್ ತತ್ತ್ವಜ್ಞಾನಿ 1785ರಲ್ಲಿ ಒಂದು ಪರೀಕ್ಷೆ ಕೊಟ್ಟ: ನೀನು ಯಾವ ನಿಯಮ ಹಿಡಿದು ನಡೆಯುತ್ತಿದ್ದೀಯೋ ಅದನ್ನೇ ಎಲ್ಲರೂ ಹಿಡಿಯಲಿ ಅಂತ ಬಯಸೋಕೆ ನಿನಗೆ ಆಗುತ್ತಾ? ಅವನದೇ ಉದಾಹರಣೆ ಸಾಲದ್ದು. ತೀರಿಸಲು ಆಗಲ್ಲ ಅಂತ ಗೊತ್ತಿದ್ದೂ ಖಂಡಿತ ಕೊಡ್ತೀನಿ ಅಂತ ಮಾತು ಕೊಟ್ಟು ದುಡ್ಡು ಕೇಳುವುದು. ಎಲ್ಲರೂ ಹಾಗೇ ಮಾಡಿದರೆ ಆ ಮಾತನ್ನು ನಂಬುವವರೇ ಇರಲ್ಲ, ಸಾಲವೂ ಹುಟ್ಟಲ್ಲ. ದಾಸವಾಳಕ್ಕೂ ಇದನ್ನೇ ಹಾಕಿ ನೋಡಿ. ಬೀದಿಯವರೆಲ್ಲ ಕಿತ್ತರೆ ಗಿಡ ನೆಟ್ಟವರ ಪೂಜೆಗೇ ಹೂವಿಲ್ಲ, ಅವರು ಕೊಂಬೆ ಕಡಿಸುತ್ತಾರೆ ಇಲ್ಲವೇ ಗೋಡೆ ಎತ್ತರಿಸುತ್ತಾರೆ. ಬೇರೆಯವರು ಕೀಳದೆ ಇದ್ದಾರೆ ಅನ್ನುವ ಕಾರಣಕ್ಕೇ ನನಗೆ ಹೂವು ಸಿಗುತ್ತಿತ್ತು. ಇದು ಹೊಳೆದಾಗ ನಿಜವಾಗಿಯೂ ನಾಚಿಕೆಯಾಯಿತು.

ಮೂರನೆಯದು ಇಂಗ್ಲೆಂಡಿನ ತತ್ತ್ವಜ್ಞಾನಿಗಳಾದ ಬೆಂಥಮ್ ಮತ್ತು ಮಿಲ್ ಅವರ ಲೆಕ್ಕ. ಈ ಕೆಲಸದಿಂದ ಯಾರ್ಯಾರಿಗೆ ಎಷ್ಟು ಸುಖ, ಎಷ್ಟು ದುಃಖ, ಎಲ್ಲಾ ಕೂಡಿಸಿ ನೋಡು ಅನ್ನುತ್ತಾರೆ. ಜಾಸ್ತಿ ಜನ ಎಡವುವುದು ಇಲ್ಲೇ. ನಾಲ್ಕು ಹೂವಿನಿಂದ ಯಾರಿಗೇನು ನಷ್ಟ, ಆಫೀಸಿಂದ ಒಂದು ಕಟ್ಟು ಪೇಪರ್ ತಂದರೆ ಕಂಪನಿ ಮುಳುಗುತ್ತಾ, ಅಂತ ಒಂದೇ ಏಟಿಗೆ ಲೆಕ್ಕ ಮುಗಿಸಿಬಿಡುತ್ತೇವೆ. ಎದುರಿಗೆ ಇಲ್ಲದವರನ್ನು ಲೆಕ್ಕಕ್ಕೆ ತಗೊಂಡಿದ್ದೀರಾ ನೋಡಿ. ಏಳು ಗಂಟೆಗೆ ಬುಟ್ಟಿ ಹಿಡಿದು ಬಂದು ಬೋಳು ಗಿಡ ನೋಡುವ ಆ ಮನೆಯ ಅಜ್ಜಿಯನ್ನು ನಾನು ಒಂದು ದಿನವೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಅರಿಸ್ಟಾಟಲ್ ಹೇಳುವುದು ಸರಳ. ಮಾಡ್ತಾ ಮಾಡ್ತಾ ನಾವು ಅದೇ ಆಗುತ್ತೇವೆ. ಟಿಸಿ ಹತ್ತಿರ ಅಪ್ಪ ಹೇಳಿದ್ದನ್ನು ಆ ಆರು ವರ್ಷದ ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾಳೆ, ಅಷ್ಟು ನೆನಪಿದ್ದರೆ ಸಾಕು.

ಕಾಂಟ್ ಪ್ರಶ್ನೆ, ಸುಖದುಃಖದ ಲೆಕ್ಕ, ಅರಿಸ್ಟಾಟಲ್ ಮಾತು, ಮೂರರಿಂದಲೂ ಒಂದೇ ಉತ್ತರ ಬಂದರೆ ಕೆಲಸ ಮುಗಿಯಿತು. ದಾಸವಾಳದ ವಿಷಯದಲ್ಲಿ ಹಾಗೇ ಆಯಿತು. ಗೇಟು ತಟ್ಟಿ ಕೇಳಿದೆ. "ಹೊರಗಡೆ ಕೊಂಬೆದು ಕಿತ್ಕೊಳ್ಳಿ, ಒಳಗಡೆದು ಮಾತ್ರ ನಂಗಿರ್ಲಿ" ಅಂದರು ಅಜ್ಜಿ.

ಉತ್ತರಗಳು ಬೇರೆ ಬೇರೆ ಬಂದಾಗ ಏನು ಮಾಡಬೇಕು? ನನ್ನ ಪದ್ಧತಿ ಇದು: ನಿಮಗೆ ಅನುಕೂಲವಾದ ಉತ್ತರವನ್ನು ಪಕ್ಕಕ್ಕಿಟ್ಟು, ಯಾವುದನ್ನು ಕೇಳೋಕೆ ಇಷ್ಟವಿಲ್ಲವೋ ಅದನ್ನು ಮೊದಲು ಪೂರ್ತಿ ಕೇಳಿ. ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಮಗ ನಮ್ಮನ್ನೆಲ್ಲ ಸೇರಿಸಿ, "ಅಮ್ಮನ ಹತ್ರ ಗಡ್ಡೆ ಅಂತಷ್ಟೇ ಹೇಳಿ, ಮೂರು ತಿಂಗಳಲ್ಲಿ ಸರಿಹೋಗುತ್ತೆ ಅನ್ನಿ" ಅಂದ. ಗಡ್ಡೆ ಅನ್ನುವುದು ಸುಳ್ಳೇನಲ್ಲ. ಆದರೆ ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ ಆನೆ ಅನ್ನುವುದನ್ನು ಮೆಲ್ಲಗೆ ಹೇಳಿದ ಧರ್ಮರಾಯನ ರಥವೂ ನೆಲಕ್ಕೆ ಇಳಿಯಿತು ಅಲ್ವಾ? ಇನ್ನೊಬ್ಬರು ತಪ್ಪು ತಿಳಿಯಲಿ ಅಂತಲೇ ಆಡಿದ ನಿಜವನ್ನು ಸುಳ್ಳಿನ ಲೆಕ್ಕಕ್ಕೇ ಹಾಕಿ.

ಲಾಭನಷ್ಟದ ಲೆಕ್ಕ ಮೇಲ್ನೋಟಕ್ಕೆ ಅಣ್ಣನ ಕಡೆಗಿತ್ತು. ಕಾಂಟ್ ಮಾತ್ರ ಒಪ್ಪಲ್ಲ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂದರೂ ಸುಳ್ಳು ಹೇಳಕೂಡದು ಅಂತ 1797ರಲ್ಲಿ ಬರೆದವನು ಅವನು. ಅಷ್ಟು ದೂರ ನಾನು ಹೋಗಲ್ಲ. ಅಂಥ ಹೊತ್ತಿನಲ್ಲಿ ನಾನು ಸುಳ್ಳೇ ಹೇಳುತ್ತೇನೆ. ಆದರೆ ಅವನ ಇನ್ನೊಂದು ಮಾತು ಬಿಡಲಿಲ್ಲ: ಮನುಷ್ಯರನ್ನು ಬರೀ ಸಾಧನ ಮಾಡಿಕೊಳ್ಳಬೇಡ. ದೊಡ್ಡಮ್ಮನ ಕಾಯಿಲೆ, ದೊಡ್ಡಮ್ಮನ ದಿನಗಳು. ಅವುಗಳ ಬಗ್ಗೆ ತೀರ್ಮಾನ ಮಾಡುವ ಹಕ್ಕನ್ನು ಅವರಿಗೆ ಗೊತ್ತಾಗದಂತೆ ನಾವು ತಗೊಳ್ಳುತ್ತಿದ್ದೆವು. ಕೇಳದೆ ಹೂವು ಕಿತ್ತ ಹಾಗೆಯೇ.

ಇಂಥ ಕಡೆ ಕೈ ಹಿಡಿಯುವವನು ರಾಸ್. ಸ್ಕಾಟ್ಲೆಂಡಿನ ಈ ತತ್ತ್ವಜ್ಞಾನಿ 1930ರಲ್ಲಿ ಹೇಳಿದ್ದು, ನಮ್ಮ ಮೇಲಿರುವ ಕರ್ತವ್ಯ ಒಂದಲ್ಲ, ಹಲವು. ನಿಜ ಹೇಳುವುದು, ನೋಯಿಸದಿರುವುದು, ಕೊಟ್ಟ ಮಾತು, ಉಪಕಾರ ಸ್ಮರಣೆ. ಎರಡು ಎದುರುಬದುರಾದರೆ ಆ ಸಂದರ್ಭದಲ್ಲಿ ಯಾವುದು ತೂಕದ್ದು ಅಂತ ನಾವೇ ತೂಗಬೇಕು. ಒಂದು ಗೆದ್ದಿತು ಅಂತ ಇನ್ನೊಂದು ಮಾಯವಾಗಲ್ಲ. ಹಾಗಾಗಿ ಎರಡನ್ನೂ ಆದಷ್ಟು ಉಳಿಸುವ ದಾರಿ ಹುಡುಕಿ. ನಮಗೆ ಸಿಕ್ಕಿದ ದಾರಿ, ನಾವೇ ತೀರ್ಮಾನಿಸದೆ ಅವರನ್ನೇ ಕೇಳುವುದು. ಅಣ್ಣನನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಮೂರನೇ ದಿನ ಮಂಚದ ಪಕ್ಕ ಕೂತು, "ದೊಡ್ಡಮ್ಮ, ಡಾಕ್ಟ್ರು ಹೇಳಿದ್ದನ್ನ ಎಲ್ಲಾ ಹೇಳ್ಲಾ, ಎಷ್ಟು ಬೇಕೋ ಅಷ್ಟು ಹೇಳ್ಲಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಸುಮ್ಮನಿದ್ದರು. "ಹೆಸರೆಲ್ಲ ಬೇಡ ಕಣೋ. ಆ ಸೈಟು ಇಬ್ಬರು ಮಕ್ಕಳ ಹೆಸರಿಗೆ ಮಾಡಿಸೋಷ್ಟು ದಿನ ಇದೆಯಾ, ಅಷ್ಟು ಹೇಳು."

"ಇದೆ. ಆದರೆ ಮುಂದಕ್ಕೆ ಹಾಕೋದು ಬೇಡ ದೊಡ್ಡಮ್ಮ" ಅಂದೆ. ಆವತ್ತು ಸಂಜೆಯೇ ಸೈಟಿನ ಪತ್ರ ಎಲ್ಲಿದೆ ಅಂತ ಅಣ್ಣನಿಗೆ ಹೇಳಿ ತರಿಸಿಕೊಂಡರು.