ಟೀ, ಬನ್ನು ಮತ್ತು ಪೆಟ್ ಸ್ಕ್ಯಾನ್: ನನ್ನ ಅನುಭವ

ನಾನು ದಾವಣಗೆರೆಯಲ್ಲಿ ರಕ್ತದ ಕಾಯಿಲೆಗಳನ್ನು ನೋಡುವ ಡಾಕ್ಟರ್. ಲಿಂಫೋಮಾದ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರಿನ, ಅನುಮಾನ ಇರುವವರನ್ನು ಪೆಟ್ ಸ್ಕ್ಯಾನ್‌ಗೆ ಬೆಂಗಳೂರಿಗೆ ಕಳಿಸುತ್ತೇನೆ. ಮೈಯಲ್ಲಿ ಕಾಯಿಲೆ ಎಲ್ಲಿ ಚುರುಕಾಗಿದೆ ಎಂದು ಬೆಳಗಿಸಿ ತೋರಿಸುವ ಚಿತ್ರ ಅದು. ಈ ಸ್ಕ್ಯಾನ್ ಅರ್ಧ ಗೆಲ್ಲುವುದು ಹಿಂದಿನ ರಾತ್ರಿಯೇ. ಇದನ್ನು ನನಗೆ ಕಲಿಸಿದವನು ಜಗಳೂರು ಕಡೆಯ ಒಬ್ಬ ಹುಡುಗ.

ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು. ಬೇರೆ ಕಡೆ ಟಿಬಿ ಅಂತ ಎರಡು ತಿಂಗಳು ಮಾತ್ರೆ ಕೊಟ್ಟಿದ್ದರು. ನಮ್ಮ ಕಡೆ ಟಿಬಿ ಜಾಸ್ತಿ, ಹಾಗಾಗಿ ಆ ಅನುಮಾನ ತಪ್ಪಲ್ಲ. ಆದರೆ ಜ್ವರ ಇಳಿದಿರಲಿಲ್ಲ. ಗಂಟಿಗೆ ಸೂಜಿ ಹಾಕಿ ನೋಡಿದರೂ ಏನೂ ಸ್ಪಷ್ಟವಾಗಲಿಲ್ಲ. ‘ಖಾಲಿ ಹೊಟ್ಟೆಯಲ್ಲಿ ಹೋಗಪ್ಪ’ ಎಂದು ಸ್ಕ್ಯಾನ್‌ಗೆ ಕಳಿಸಿದೆ.

ಚಿತ್ರದಲ್ಲಿ ಭುಜ, ತೋಳು, ತೊಡೆಯ ಮಾಂಸಖಂಡಗಳೆಲ್ಲ ಬೆಳಗಿದ್ದವು. ಗಂಟುಗಳು ಮಂಕಾಗಿದ್ದವು. ಕೇಳಿದರೆ, ‘ಊಟ ಮಾಡಿಲ್ಲ ಸಾರ್, ಬಸ್ಸು ಹಿರಿಯೂರಲ್ಲಿ ನಿಂತಾಗ ಟೀ, ಬನ್ನು ಅಷ್ಟೇ’ ಅಂದ. ಅವನು ಸುಳ್ಳು ಹೇಳಲಿಲ್ಲ. ನಮ್ಮ ಜನಕ್ಕೆ ಟೀ, ಬನ್ನು ಊಟ ಅಲ್ವಲ್ಲ. ಬಿಡಿಸಿ ಹೇಳದೇ ಇದ್ದದ್ದು ನನ್ನ ತಪ್ಪು.

ಈ ಸ್ಕ್ಯಾನ್‌ನಲ್ಲಿ ಚುಚ್ಚುವ ಎಫ್‌ಡಿಜಿ ಸಕ್ಕರೆಯಂಥದ್ದೇ, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿರುತ್ತಾರೆ. ಹಸಿದ ಕ್ಯಾನ್ಸರ್ ಕೋಶ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಹೊಟ್ಟೆಗೆ ಸಿಹಿ ಬಿದ್ದರೆ ಇನ್ಸುಲಿನ್ ಏರಿ, ಆ ಸಕ್ಕರೆಯನ್ನು ಮಾಂಸಖಂಡಗಳಿಗೆ ತಳ್ಳುತ್ತದೆ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುವುದರಿಂದ ತಡವಾಗಿ ಹೋದರೂ ಕಷ್ಟ.

ಈಗ ನಾನೇ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ: ಕನಿಷ್ಠ ಆರು ಗಂಟೆ ನೀರು ಮಾತ್ರ. ಟೀ, ಕಾಫಿ, ಎಳನೀರು, ಮಂಡಕ್ಕಿ ಯಾವುದೂ ಬೇಡ. ಹಿಂದಿನ ದಿನ ಹೊಲದ ಕೆಲಸ, ಭಾರ ಎತ್ತುವುದು ಬೇಡ. ರಾತ್ರಿಯೇ ಹೋಗಿ ಉಳಿಯಿರಿ. ಸಕ್ಕರೆ ಕಾಯಿಲೆ ಇದ್ದರೆ ಯಾವ ಮಾತ್ರೆ ಯಾವಾಗ ಎಂದು ಮೊದಲೇ ಕೇಳಿ. ಇಂಜೆಕ್ಷನ್ ಆದಮೇಲೆ ಒಂದು ಗಂಟೆ ಸುಮ್ನೆ ಮಲಗಿರಿ. ಆ ದಿನ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ.

ಹುಡುಗನಿಗೆ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಈ ಸಲ ಕುತ್ತಿಗೆಗಿಂತ ಕಂಕುಳದ ಒಂದು ಗಂಟು ಹೆಚ್ಚು ಬೆಳಗಿತ್ತು. ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ, ಟಿಬಿ ಗಂಟೂ ಹೀಗೇ ಬೆಳಗುತ್ತದೆ. ಹಾಗಾಗಿ ಚಿತ್ರ ನೋಡಿ ಕೀಮೋ ಶುರು ಮಾಡುವುದಿಲ್ಲ. ಎಲ್ಲಿ ಕತ್ತರಿಸಿ ನೋಡಬೇಕು ಎನ್ನುವುದನ್ನು ಮಾತ್ರ ಚಿತ್ರ ತೋರಿಸಿತು. ಸರ್ಜನ್ ಆ ಗಂಟನ್ನೇ ಇಡಿಯಾಗಿ ತೆಗೆದುಕೊಟ್ಟರು. ಹಾಡ್ಕಿನ್ ಲಿಂಫೋಮಾ ಎಂದು ಖಚಿತವಾಯಿತು. ಲಿಂಫೋಮಾ ಎಷ್ಟು ಹರಡಿದೆ ಎಂದು ಅಳೆಯುವ 2014ರ ಲುಗಾನೋ ವರ್ಗೀಕರಣ ಬಂದಮೇಲೆ, ಪೆಟ್ ಮಾಡಿಸಿದ ಹಾಡ್ಕಿನ್ ರೋಗಿಗೆ ಮೂಳೆಮಜ್ಜೆಯ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸೊಂಟದ ಆ ಸೂಜಿ ಅವನಿಗೆ ತಪ್ಪಿತು. ರಕ್ತದ ಕ್ಯಾನ್ಸರ್ ಆದ ಲುಕೇಮಿಯಾದ ಮಾತು ಬೇರೆ. ಅಲ್ಲಿ ರಕ್ತ ಮತ್ತು ಮಜ್ಜೆಯ ಪರೀಕ್ಷೆಯೇ ಆಗಬೇಕು.

ನಾಲ್ಕು ಔಷಧ ಸೇರಿದ ಎಬಿವಿಡಿ ಕೀಮೋ ಎರಡು ಸುತ್ತು ಆದಮೇಲೆ ಮತ್ತೊಂದು ಸ್ಕ್ಯಾನ್. ಗಂಟಿನ ಬೆಳಕನ್ನು ಎದೆಯ ರಕ್ತನಾಳ ಮತ್ತು ಲಿವರ್‌ನ ಬೆಳಕಿಗೆ ಹೋಲಿಸಿ 1ರಿಂದ 5ರವರೆಗೆ ಡೋವಿಲ್ ಅಂಕ ಕೊಡುತ್ತಾರೆ. ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಅವನಿಗೆ 2 ಬಂತು. ಹಾಗಾಗಿ ಮೂರನೇ ಸುತ್ತಿನಿಂದ ಆ ನಾಲ್ಕರಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲ ಬ್ಲಿಯೋಮೈಸಿನ್ ಬಿಟ್ಟೆವು.

ಅವನ ತಾಯಿಗೆ ಸಮಾಧಾನ ಇರಲಿಲ್ಲ. ‘ಗಂಟು ಇನ್ನೂ ಕೈಗೆ ಸಿಗ್ತೈತಲ್ಲ ಸಾರ್?’

‘ಬೂದಿ ಮುಚ್ಚಿದ ಕೆಂಡ ಅಂತೀವಲ್ಲವ್ವ, ಕೈಗೆ ಗೊತ್ತಾಗೋದು ಗುಡ್ಡೆ ಮಾತ್ರ. ಒಳಗೆ ಕೆಂಡ ಐತಾ ಅಂತ ಈ ಸ್ಕ್ಯಾನ್ ನೋಡ್ತದೆ.’

ಆಕೆ ಒಂದು ಗಳಿಗೆ ಯೋಚಿಸಿ ಕೇಳಿದರು: ‘ಹಂಗಾರೆ ಇದು ಬರೀ ಬೂದಿನಾ?’

‘ಈಗ ಬರೀ ಬೂದಿ ಅವ್ವ. ಉಳಿದ ನಾಲ್ಕು ಸುತ್ತು ಮಾತ್ರ ಬಿಡಂಗಿಲ್ಲ.’