ತುಕ್ಕುನೀರಿನ ಕಪ್ಪು, ಕೈವಾರದ ಹೂವು

“ಮಾಟಗಾತಿಯರ ಬ್ಯಾಗಾ? ನಮ್ಮೂರಲ್ಲಿ ಯಾರು ಹೆಗಲಿಗೆ ಹಾಕ್ಕೋತಾರೆ ಮೇಡಂ?” ಶಿವಾಜಿನಗರದಲ್ಲಿ ನನಗೆ ಹೊಲಿಗೆ ಕಲಿಸಿದ ಉಸ್ತಾದರು ಕೇಳಿದ್ದರು. ಮಾಟಗಾತಿಯರ ಕಥೆಗಳಿಂದ ಎತ್ತಿಕೊಂಡ ಗುರುತುಗಳ 11 ತೊಗಲಿನ ಬ್ಯಾಗು ಮಾಡಿದೆ, 9 ಮಾರಿಹೋಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಲಾಟ್ ಪೂರ್ತಿ ದಂಡ. ನಕ್ಷತ್ರ, ತಲೆಬುರುಡೆ, ಬೆಂಕಿ ಎಲ್ಲ ಅಚ್ಚು ಹೊಡೆದಿದ್ದೆ. ಓದದೆ ಕೆಲಸಕ್ಕೆ ಕೂತದ್ದೇ ತಪ್ಪು. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪದ ವಿಚಾರಣೆ ನಡೆದಾಗ ಯಾರನ್ನೂ ಸುಡಲಿಲ್ಲ. 19 ಜನರನ್ನು ನೇಣಿಗೆ ಹಾಕಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಮೊದಲು ನೇಣಿಗೇರಿದ ಬ್ರಿಜೆಟ್ ಬಿಷಪ್ ವಿರುದ್ಧದ ಸಾಕ್ಷಿಯಲ್ಲಿ ಆಕೆಯ ಕೆಂಪು ಕುಪ್ಪಸದ ಮಾತೂ ಬರುತ್ತದೆ. ಅದನ್ನೋದಿದ ರಾತ್ರಿಯೇ ಬೆಂಕಿಯ ಅಚ್ಚು ಎತ್ತಿಟ್ಟೆ. ಈಗ ಕೆಂಪು ಇರುವುದು ಒಳಗಿನ ಅಸ್ತರಿನಲ್ಲಿ ಮಾತ್ರ, ಮುಚ್ಚಳ ತೆರೆದವರಿಗಷ್ಟೇ ಕಾಣುತ್ತದೆ.

ಹೊರಗಿರುವುದು ಆರೆಸಳಿನ ಹೂವು. ಇಂಗ್ಲೆಂಡಿನ ಹಳೇ ಮನೆಗಳಲ್ಲಿ ಕೇಡು ಒಳಗೆ ಬಾರದಿರಲೆಂದು ತೊಲೆಗಳ ಮೇಲೆ, ಒಲೆಯ ಪಕ್ಕ ಕೈವಾರದಲ್ಲಿ ಗೀರುತ್ತಿದ್ದ ಗುರುತು. ಕೈವಾರದ ಮೊನೆ ಊರಿದ ನಡುತೂತನ್ನು ನಾನು ಮುಚ್ಚುವುದಿಲ್ಲ.

ದುಡ್ಡು ತಿಂದದ್ದು ಕಪ್ಪು. ಡಬ್ಬಿಯ ಬಣ್ಣ ಬೇಡವೆಂದು ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ನೆನೆಹಾಕಿ, ಆ ನೀರನ್ನು ತೊಗಲಿಗೆ ಹಚ್ಚಿದೆ. ಮಾಟಕ್ಕೆ ಮದ್ದೆಂದು 17ನೇ ಶತಮಾನದಲ್ಲಿ ಒಲೆಯಡಿ ಹೂಳುತ್ತಿದ್ದ ಜಾಡಿಗಳಲ್ಲೂ ಮೊಳೆ, ಬಗ್ಗಿಸಿದ ಗುಂಡುಸೂಜಿ, ಉಚ್ಚೆ ಇರುತ್ತಿದ್ದವು. ಮೊಳೆಯ ಯೋಚನೆ ಬಂದದ್ದು ಅಲ್ಲಿಂದ. ಆದರೆ ವೆಜ್ ಟ್ಯಾನ್, ಅಂದರೆ ಮರದ ತೊಗಟೆಯಂಥದರಲ್ಲಿ ಹದಮಾಡಿದ್ದು, ಎಂದು ಅಂಗಡಿಯವನು ಕೊಟ್ಟದ್ದು ಕ್ರೋಮಿಯಂ ಉಪ್ಪಿನಲ್ಲಿ ಹದಮಾಡಿದ ಕ್ರೋಮ್ ತೊಗಲು. ಮೊಳೆನೀರು ಕಪ್ಪಾಗುವುದು ತೊಗಟೆಯ ಒಗರಾದ ಟ್ಯಾನಿನ್ ಜೊತೆ ಸೇರಿದಾಗ, ಅದಿಲ್ಲದೆ ಕಪ್ಪೆಲ್ಲಿಂದ ಬರಬೇಕು? ಬೂದಿಬಣ್ಣಕ್ಕೆ ತಿರುಗಿ ನಿಂತಿತು. ಹತ್ತಿರ ಹತ್ತಿರ 14 ಸಾವಿರ ನೀರುಪಾಲು. ಆಮೇಲೆ ತೊಗಲು ಹದಮಾಡುವ ತಮಿಳುನಾಡಿನ ವಾಣಿಯಂಬಾಡಿಯಿಂದ ನಿಜವಾದ ವೆಜ್ ಟ್ಯಾನ್ ತರಿಸಿದೆ. ಬಣ್ಣ ಬಂತು, ಆದರೆ ವಿನೆಗರಿನ ಹುಳಿ ತೊಳೆಯದೆ ಬಿಟ್ಟಿದ್ದರಿಂದ ತಿಂಗಳೊಳಗೆ ಮಡಿಕೆಯಲ್ಲೆಲ್ಲ ಸೀಳು.

ಈಗ ತೆಳು ಮೊಳೆನೀರು, ಎರಡು ಕೈ, ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆತ, ತೇವವಿರುವಾಗಲೇ ಎಣ್ಣೆ. ಬ್ರಷ್ ಎಳೆದರೆ ಕಂದು ತೊಗಲು ಮೊದಲು ನೇರಳೆಯಾಗಿ, ಕಣ್ಣೆದುರೇ ಕಾಡಿಗೆಯಷ್ಟು ಕಪ್ಪಾಗುತ್ತದೆ. ಬಿಳಿ ಅಂಗಿಗೆ ಉಜ್ಜಿ ತೋರಿಸುತ್ತೇನೆ, ಚೂರೂ ಹತ್ತುವುದಿಲ್ಲ. ಇಂಥ ಕಪ್ಪನ್ನು ಬೆಂಗಳೂರಿನಲ್ಲಿ ಬೇರೆ ಯಾರ ಕೈಯಲ್ಲೂ ನಾನು ಕಂಡಿಲ್ಲ. ಮೊಳೆನೀರಿಗೂ ಮುಂಚೆ ತೊಗಲಿಗೆ ಒಂದು ಕಷಾಯ ಕುಡಿಸುತ್ತೇನೆ, ಅದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಮಾಡಿ ನೋಡಿದೆ. ತೊಂಬತ್ತರ ದಶಕದಲ್ಲಿ ದೆವ್ವ ಬಾಗಿಲು ಬಡಿಯುತ್ತದೆಂದು ನಮ್ಮ ಬೀದಿಯ ಮನೆಮನೆಯ ಮೇಲೂ ‘ನಾಳೆ ಬಾ’ ಎಂದು ಬರೆದಿದ್ದರು. ಅದೇ ವಕ್ರ ಅಕ್ಷರದಲ್ಲಿ, ಚೂರು ತೊಗಲಿನ ಕಾರ್ಡ್ ಹೋಲ್ಡರ್ ಮೇಲೆ ಗೀರಿದೆ. ಇಪ್ಪತ್ತೋ ಇಪ್ಪತ್ತೆರಡೋ ಹೋದವು. ಉಸ್ತಾದರೂ ಮಗಳಿಗೆಂದು ಒಂದು ಒಯ್ದರು, ದುಡ್ಡು ಕೊಟ್ಟೇ.

ಬ್ಯಾಗೊಂದಕ್ಕೆ ತೊಗಲು, ಬಕಲ್, ಅಸ್ತರು ಸೇರಿ ಸುಮಾರು 3,400 ಬೀಳುತ್ತದೆ, ಮೂರು ದಿನದ ಕೈಕೆಲಸ ಬೇರೆ. 9,500ಕ್ಕೆ ಕೊಟ್ಟೆ. ಉಳಿದೆರಡರ ಹಿಡಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಇಂಚಿಗೆ ಏಳು ಹೊಲಿಗೆ ಬಿದ್ದಿದೆ, ನನಗೆ ಎಂಟು ಬೇಕು.